ಏಳು ದಿನ ಬೋರಲು ಬಿದ್ದ ಕವಡೆ

ಹೊಳೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಆಚೆ ದಂಡೆ ಇದೆಯೋ ಇಲ್ಲವೋ ಎಂಬಂತಿತ್ತು. ಅಂಬಿಗನ ಹರಿಗೋಲು ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ ನಿಂತಲ್ಲೇ ಮೆಲ್ಲಗೆ ತಿರುಗುತ್ತಿತ್ತು.

ಶಿಷ್ಯ ಕೊಟ್ರಯ್ಯ ಮಿಂದು ಬಂದು, ಬಂಡೆಯ ಮೇಲೆ ಕೂತು, ಒಂದು ಕವಡೆ ಎಸೆದ. ಅದು ಬೋರಲು ಬಿತ್ತು.

ಆಚೆ ದಂಡೆಯ ಊರಲ್ಲಿ ಅವನ ಅಣ್ಣ ಹಾಸಿಗೆ ಹಿಡಿದಿದ್ದ. ಹನ್ನೆರಡು ವರ್ಷ ಇವನ ಜೊತೆ ಮಾತು ಬಿಟ್ಟಿದ್ದವನು ಈಗ, "ಒಮ್ಮೆ ಬಂದು ಮುಖ ತೋರಿಸು" ಎಂದು ಹೇಳಿಕಳಿಸಿದ್ದ. ಹೋಗಬೇಕೆಂದರೆ ಕೊಟ್ರಯ್ಯನಿಗೆ ಅಂಜಿಕೆ. ಕವಡೆ ಅಂಗಾತ ಬಿದ್ದ ದಿನ ಹೊಳೆ ದಾಟುವುದು, ದಿನಕ್ಕೆ ಒಂದೇ ಎಸೆತ ಎಂದು ತನಗೆ ತಾನೇ ನೇಮ ಹಾಕಿಕೊಂಡಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನಿಗೊಂದು ಕವಡೆ ಸಿಕ್ಕಿತ್ತು.

ಗುರು ಅಡವೆಯ್ಯ ಪಕ್ಕದಲ್ಲೇ ಕೌದಿ ಹೊದ್ದು ಕೂತಿದ್ದರು.

"ಇವತ್ತೂ ಬೋರಲು ಬಿತ್ರಿ ಅಜ್ಜಾರ. ಏಳು ದಿನ ಆತು."

"ಹಂಗಾರ?"

"ನಾಳೆ ಖಂಡಿತ ಅಂಗಾತ ಬೀಳತೈತ್ರಿ. ಏಳು ಸಲ ಬೋರಲು ಬಿದ್ದದ್ದು ಇನ್ನೆಷ್ಟಂತ ಬಿದ್ದೀತು?"

ಗುರುಗಳು ಆ ಕವಡೆಯನ್ನು ಎತ್ತಿಕೊಂಡರು. ಜೋಳಿಗೆಯಿಂದ ಇನ್ನೊಂದನ್ನು ತೆಗೆದರು. ಎರಡನ್ನೂ ಮುಷ್ಟಿಯಲ್ಲಿ ಕುಲುಕಿ ಅಂಗೈ ಬಿಚ್ಚಿದರು.

"ಏಳು ದಿನ ಬಿದ್ದು ಬಿದ್ದು ಸಾಕಾಗಿರೋದು ಇದರಾಗ ಯಾವುದು? ನೋಡಿ ಹೇಳು."

ಕೊಟ್ರಯ್ಯ ತಿರುಗಿಸಿ ನೋಡಿದ, ಉಜ್ಜಿ ನೋಡಿದ. ಏನೂ ತೋಚದೆ ಕಿವಿಗೂ ಹಿಡಿದ. ಎರಡೂ ಒಂದೇ ಥರ ಸುಮ್ಮನಿದ್ದವು.

"ಗೊತ್ತಾಗವಲ್ದ್ರಿ."

"ಅವಕ್ಕೂ ಗೊತ್ತಿಲ್ಲ."

"ಹಂಗಾರ ನಾಳೆ ಏನ್ ಬೀಳತೈತ್ರಿ?"

"ಮೊದಲನೇ ದಿನ ಹೆಂಗಿತ್ತೋ ಹಂಗ. ಅಂಗಾತರ ಬಿದ್ದೀತು, ಬೋರಲರ ಬಿದ್ದೀತು. ನಾಡಿದ್ದೂ ಅಷ್ಟ."

ಕೊಟ್ರಯ್ಯನ ಮುಖ ಸಪ್ಪಗಾಯಿತು. ಇಷ್ಟು ದಿನ ಕಾದದ್ದೆಲ್ಲ ಕೈಯಿಂದ ಜಾರಿಹೋದಂತೆನಿಸಿ ಅವನಿಗೆ ಅಳು ಬಂತು.

"ಈ ಏಳು ದಿನ ಎಲ್ಲಿ ಹೋದುವ್ರಿ ಅಜ್ಜಾರ? ಯಾರ ಲೆಕ್ಕದಾಗೂ ಇಲ್ಲೇನ್ರಿ?"

ಮಂಜಿನಾಚೆ ಎಲ್ಲೋ ಒಂದು ಕೋಳಿ ಕೂಗಿತು. ಗುರುಗಳು ಆ ಕಡೆಗೇ ನೋಡುತ್ತಾ ಹೇಳಿದರು:

"ಅವನ್ನ ಒಂದೊಂದಾಗಿ ಎಣಿಸಿದಾತ ಆ ದಂಡ್ಯಾಗ ಮಲಗ್ಯಾನ."