ಅಂಕಿತವಿಲ್ಲದ ಪದ

ಶ್ರೀ ನೀರಜವಿಠಲದಾಸರು ಇನ್ನೂ ದಾಸರಾಗಿರದ ಕಾಲದ ಮಾತು. ಆಗ ಅವರಿಗೆ ಇಪ್ಪತ್ತೆರಡರ ಪ್ರಾಯ, ತಮ್ಮಣ್ಣ ಎಂದು ಹೆಸರು. ಭೀಮಾತೀರದ ಒಂದು ಸಣ್ಣ ಮಠದಲ್ಲಿ ಅಡಿಗೆಮನೆಯ ಒರಳೇ ಅವರ ಆಸ್ತಿ. ಹೂರಣ ನುಣ್ಣಗೆ ರುಬ್ಬುವವರು ಎಂಬುದನ್ನು ಬಿಟ್ಟರೆ ಮಠದ ಜನಕ್ಕೆ ಅವರ ವಿಷಯ ಏನೂ ಗೊತ್ತಿರಲಿಲ್ಲ. ರುಬ್ಬುತ್ತಿದ್ದಂತೆ ಅವರ ಬಾಯಿಂದ ಪದಗಳು ಹುಟ್ಟುತ್ತಿದ್ದವು. ಆದರೆ ಹಾಡಿನ ಕೊನೆಯಲ್ಲಿ ಇಡುವ ದೇವರ ಹೆಸರು, ಅಂದರೆ ಅಂಕಿತ, ಗುರುಗಳೇ ಕೊಡಬೇಕು; ತಾನಾಗಿ ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಕೊನೆಯ ಸಾಲಿಗೆ ಬಂದಾಗ ತಮ್ಮಣ್ಣನವರು ಆ ಹೆಸರಿನಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದರು.

ವೆಂಕೋಬದಾಸರು ಕೈಹಾಕಿದ್ದು ಆ ಖಾಲಿ ಜಾಗಕ್ಕೆ.

ವೆಂಕೋಬದಾಸರು ಅರವತ್ತು ದಾಟಿದ ಹಿರಿಯರು. ಮಂದಾರವಿಠಲ ಎಂಬ ಅಂಕಿತದಲ್ಲಿ ನೂರಾರು ಪದ ಕಟ್ಟಿದವರು. ಮೂಲಗುರುಗಳ ಆರಾಧನೆಯ ದಿನ ಹೊಸ ಪದವೊಂದನ್ನು ಅರ್ಪಿಸುವುದು ಮೂವತ್ತು ವರ್ಷಗಳಿಂದ ಅವರಿಗೇ ಮೀಸಲಾದ ಸೇವೆ. ಆದರೆ ಆರು ವರ್ಷಗಳಿಂದ ಅವರಿಗೆ ಒಂದು ನುಡಿಯೂ ಒದಗಿರಲಿಲ್ಲ. ಹಳೆಯದನ್ನೇ ಅತ್ತಿತ್ತ ತಿರುಗಿಸಿ ಹೇಗೋ ದಿನ ನೂಕಿದ್ದರು. ಹೋದ ವರ್ಷ ಅದೂ ಮುಗಿದಿತ್ತು. ಆರಾಧನೆಯ ಹಿಂದಿನ ದಿನ ಅಡಿಗೆಮನೆಯ ಗೋಡೆಯಾಚೆ ನಿಂತಾಗ ಒರಳಿನ ಸದ್ದಿನ ನಡುವೆ ಈ ಸಾಲು ಕೇಳಿತು:

ಕೈಯೆಲ್ಲ ಹೂರಣವಾಯ್ತು, ಹೇಗೆ ಮುಗಿಯಲಿ ಹರಿಯೇ?

ಮರುದಿನ ಸಭೆಯಲ್ಲಿ ಅವರು ಅದನ್ನೇ ಹಾಡಿದರು. ಖಾಲಿ ಇದ್ದ ಜಾಗದಲ್ಲಿ ಮಂದಾರವಿಠಲನನ್ನು ಕೂರಿಸಿದರು. ಸಭೆಗೆ ಸಭೆಯೇ ಕಣ್ಣೊರೆಸಿಕೊಂಡಿತು. ಜೀವಮಾನದಲ್ಲಿ ಒರಳು ಮುಟ್ಟದ ಮನುಷ್ಯನ ಕೈಗೆ ಹೂರಣ ಎಲ್ಲಿಂದ ಮೆತ್ತಿಕೊಂಡಿತು ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಈ ವರ್ಷ ತಮ್ಮಣ್ಣನವರ ಪದಗಳು ಗುರುಗಳಾದ ಅನಂತಾರ್ಯರ ಕಿವಿಗೇ ಬಿದ್ದವು. ಆರಾಧನೆಯ ದಿನವೇ ಅವರಿಗೆ ಅಂಕಿತ ಕೊಡುವುದೆಂದು ನಿಶ್ಚಯವಾಯಿತು. ಅಂಕಿತ ಪಡೆದವರು ತಮ್ಮ ಮೆಚ್ಚಿನ ಪದವೊಂದಕ್ಕೆ ಅದನ್ನು ಸೇರಿಸಿ ಸಭೆಯಲ್ಲಿ ಹಾಡಬೇಕು. ಯಾವ ಪದ ಹಾಡುತ್ತಾರೆ ಎಂದು ಊಹಿಸಲು ವೆಂಕೋಬದಾಸರಿಗೆ ಕಷ್ಟವಾಗಲಿಲ್ಲ. ಅನ್ನ ಸೇರಲಿಲ್ಲ. ಮೂವತ್ತು ವರ್ಷದ ಹೆಸರು ಒಂದು ಸಾಲಿನಲ್ಲಿ ಮಣ್ಣುಪಾಲಾಗುವುದಿತ್ತು.

ಆರಾಧನೆಯ ಬೆಳಿಗ್ಗೆ ಅವರು ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತರು. ಒಳಗಿದ್ದವರು ಮಡಿಯಲ್ಲಿದ್ದರು. ಕೇಳಬೇಕೆಂದುಕೊಂಡು ಬಂದದ್ದು ಕ್ಷಮೆ. ಬಾಯಿಗೆ ಬಂದದ್ದು ಬೇರೆ.

"ಏನಪಾ ತಮ್ಮಣ್ಣಾ, ನನ್ನ ಪದ ನೀ ಇಲ್ಲೆ ಕೂತು ಹಾಡ್ತೀಯಂತ? ಮಂದೀದು ನಂದು ಅನ್ನೂದು ಕಳ್ಳತನ ಅಲ್ಲೇನು?"

ತಮ್ಮಣ್ಣನವರು ರುಬ್ಬುವುದನ್ನು ನಿಲ್ಲಿಸಿದರು.

"ಹಾಡ್ತೀನ್ರಿ ದಾಸರೇ. ಕಡೀಗೆ ಏನು ಬರತದ ಅಂತ ಗೊತ್ತಿರಲಿಲ್ಲ. ಹೋದ ವರ್ಷ ನಿಮ್ಮ ಬಾಯಾಗ ಕೇಳಿ ತಿಳಕೊಂಡೆ."

ವೆಂಕೋಬದಾಸರು ಆ ಮಾತಿನಲ್ಲಿ ಕೊಂಕು ಹುಡುಕಿದರು. ಸಿಕ್ಕಲಿಲ್ಲ. ಸಿಕ್ಕಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು.

ಮಧ್ಯಾಹ್ನ ಸಭೆ ಸೇರಿತು. ಗುರುಗಳು ತಮ್ಮಣ್ಣನವರ ಕಿವಿಯಲ್ಲಿ ನೀರಜವಿಠಲ ಎಂಬ ಅಂಕಿತವನ್ನು ಉಪದೇಶಿಸಿ, ಹಾಡಲು ಹೇಳಿದರು. ಹೊಸ ದಾಸರು ಕಣ್ಣುಮುಚ್ಚಿ ಎತ್ತಿಕೊಂಡರು: ಕೈಯೆಲ್ಲ ಹೂರಣವಾಯ್ತು. ಸಭೆಯಲ್ಲಿ ಗುಸುಗುಸು ಎದ್ದಿತು. ನಾಲ್ಕು ತಲೆ ವೆಂಕೋಬದಾಸರ ಕಡೆ ತಿರುಗಿದವು. ಅವರಿಗೆ ಕೂತ ನೆಲ ಬಿಸಿಯಾಯಿತು. ಕೊನೆಯ ಸಾಲು ಬಂತು. ನೀರಜವಿಠಲದಾಸರು ಸ್ಪಷ್ಟವಾಗಿ, ಒಂದಿಷ್ಟೂ ತಡವರಿಸದೆ, ಮಂದಾರವಿಠಲ ಎಂದೇ ಹಾಡಿ ಮುಗಿಸಿದರು.

ಗುರುಗಳು ಹುಬ್ಬೇರಿಸಿದರು. "ನಾ ಈಗ ಕೊಟ್ಟ ಅಂಕಿತ ಎಲ್ಲಿ ಹೋತಪಾ?"

"ಈ ಪದ ಹೋದ ವರ್ಷನ ವೆಂಕೋಬದಾಸರ ಬಾಯಿಂದ ಸ್ವಾಮಿಗೆ ಮುಟ್ಟೇದ. ಒಮ್ಮೆ ಆದ ನೈವೇದ್ಯ ಮತ್ತ ತೋರಸಬಾರದು, ಗುರುಗಳೇ. ಪ್ರಸಾದ ಅಂತ ಹಾಡಿದೆ."

ಪವಾಡದ ಕತೆ ಕೇಳಿ ರೂಢಿಯಾದವರಿಗೆ ಇಲ್ಲಿ ನಿರಾಸೆಯಾದೀತು. ಗಂಟೆ ತಾನಾಗಿ ಮೊಳಗಲಿಲ್ಲ, ಹೂಮಳೆಯೂ ಆಗಲಿಲ್ಲ. ವೆಂಕೋಬದಾಸರ ಮಾನ ಉಳಿದಿತ್ತು, ಅಷ್ಟೇ. ಅವರ ಹೆಸರಿಗೆ ಕೂದಲೆಳೆಯಷ್ಟೂ ಕುಂದು ಬಂದಿರಲಿಲ್ಲ. ಮಾಡಬೇಕಾದದ್ದು ಸುಮ್ಮನೆ ಕೂತಿರುವುದೊಂದೇ. ಅದೇ ಅವರಿಂದ ಆಗಲಿಲ್ಲ. ಮಡಿಲಲ್ಲಿದ್ದ ತಮ್ಮ ತಂಬೂರಿಯನ್ನು ಪಕ್ಕಕ್ಕೆ ಇಟ್ಟು ಎದ್ದು ನಿಂತರು.

"ಈ ಪದ ನಂದಲ್ಲ. ಅಡಗಿಮನಿ ಗ್ವಾಡಿ ಮರೆಗೆ ನಿಂತು ಕದ್ದೀನಿ. ಆರು ವರ್ಷ ಆತು, ನನಗ ಏನೂ ಬರೂದಿಲ್ಲ. ಇವತ್ತು ಮುಂಜಾನಿ ಹೋಗಿ ಈ ಮಹಾತ್ಮನ್ನ ನಾನೇ ಕಳ್ಳ ಅಂದೆ. ಸ್ವಾಮೀ, ನನ್ನ ಕಡೆ ನಿನಗ ಕೊಡಲಿಕ್ಕೆ ಏನೂ ಉಳದಿಲ್ಲ."

ನೀರಜವಿಠಲದಾಸರು ಎದ್ದು ಹೋಗಿ, ಪಕ್ಕಕ್ಕಿಟ್ಟ ತಂಬೂರಿಯನ್ನು ಎರಡೂ ಕೈಯಿಂದ ಎತ್ತಿ, ಆ ಮುದುಕರ ತೋಳಿಗೆ ಒರಗಿಸಿದರು.

"ಈಗ ಅಂದ ಮಾತು ನಿಮ್ಮದೇ ಅದ, ದಾಸರೇ. ಇದಕ್ಕ ಅಂಕಿತ ಹಾಕ್ರಿ."

ವೆಂಕೋಬದಾಸರು ತಂಬೂರಿ ಮೀಟಿದರು. ಶ್ರುತಿ ಹಿಡಿಯಲು ಮೂರು ಸಲ ಬೆರಳು ತಪ್ಪಿತು. ಆಮೇಲೆ, ನಿನಗ ಕೊಡಲಿಕ್ಕೆ ಏನೂ ಉಳದಿಲ್ಲ ಎಂಬ ತಮ್ಮದೇ ಮಾತನ್ನು ರಾಗಕ್ಕೆ ಹಚ್ಚಿ, ಅಳುತ್ತಳುತ್ತಲೇ, ಮಂದಾರವಿಠಲನ ಹೆಸರು ಹೇಳಿ ಮುಗಿಸಿದರು. ಆ ವರ್ಷದ ಹೊಸ ಪದ ಅದೇ ಆಯಿತು.