ಬಾಲವರ್ಧಿನಿ ಚೂರ್ಣ

ಹಲ್ಲಿ ಪಂಡಿತರು ಗೋಡೆಯ ಬುಡದಲ್ಲಿ ಬಾಲವರ್ಧಿನಿ ಚೂರ್ಣದ ಅಂಗಡಿ ಇಟ್ಟರು. "ಯುಗಾದಿಗೆ ನನ್ನ ಬಾಲ ಕಳಚಿ ಬಿದ್ದಿತ್ತು. ನಲವತ್ತು ದಿನ ಇದನ್ನೇ ತಿಂದೆ, ಈಗ ನೋಡಿ" ಎಂದು ಹೊಸ ಬಾಲ ಆಡಿಸಿ ತೋರಿಸಿದರು.

ಬೋನಿನಲ್ಲಿ ಅರ್ಧ ಬಾಲ ಕಳೆದುಕೊಂಡಿದ್ದ ಇಲಿಗೆ ಮದುವೆ ಗೊತ್ತಾಗಿತ್ತು. ಅದು ನಲವತ್ತು ದಿನ ತಪ್ಪದೆ ಚೂರ್ಣ ತಿಂದು, ಮೋಟು ಬಾಲದಲ್ಲೇ ವಾಪಸು ಬಂತು.

"ಪಂಡಿತರೇ, ಎಳ್ಳಷ್ಟೂ ಬೆಳೆದಿಲ್ಲ."

"ಪಥ್ಯ ಮಾಡಿದಿರಾ?"

"ಹುಳಿ ಮುಟ್ಟಿಲ್ಲ, ಖಾರ ಮುಟ್ಟಿಲ್ಲ."

"ಬದನೆಕಾಯಿ?"

ಇಲಿ ತಲೆ ತಗ್ಗಿಸಿತು. "ಒಂದು ಸಲ ಕನಸಿನಲ್ಲಿ ತಿಂದೆ."

"ಅಲ್ಲೇ ಕೆಟ್ಟಿತು. ಇನ್ನು ಉಳಿದ ಅರ್ಧವನ್ನೂ ತೆಗೆಸಿ ಮೊದಲಿನಿಂದ ಶುರುಮಾಡಬೇಕು."

ಇಲಿ ಅದನ್ನೂ ಕತ್ತರಿಸಿಕೊಂಡು ಬಂತು. ಪಂಡಿತರು ಇಲಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು, ಅದರ ಕೊರಳಿಗೆ 'ಚೂರ್ಣ ತಿನ್ನುವ ಮೊದಲು' ಎಂಬ ಹಲಗೆಯನ್ನೂ ತಮ್ಮ ಕೊರಳಿಗೆ 'ತಿಂದ ಮೇಲೆ' ಎಂಬ ಹಲಗೆಯನ್ನೂ ತೂಗುಹಾಕಿದರು.

ಬಾಲ ತುಂಡಾದ ಅಳಿಲೊಂದು ಬಂದು, ಪಂಡಿತರಿಗೆ ಕೇಳಿಸದಂತೆ ಇಲಿಯನ್ನು ವಿಚಾರಿಸಿತು: "ನಿಜ ಹೇಳಪ್ಪ, ಬಾಲ ಬೆಳೆಯುತ್ತದೆಯೇ?"

"ಖಂಡಿತ ಬೆಳೆಯುತ್ತದೆ" ಎಂದಿತು ಇಲಿ. "ಬದನೆಕಾಯಿಯ ಕನಸು ಮಾತ್ರ ಬೀಳಬಾರದು."