ಎಡಭುಜದ ಅಳತೆ

ಅರಳೆಯೊಳಗೆ ನೂಲನ್ನೂ ನೂಲಿನೊಳಗೆ ಬಟ್ಟೆಯನ್ನೂ ಮುಂಚೆಯೇ ಅಡಗಿಸಿಟ್ಟ ಪರಮಾತ್ಮನಿಗೆ ಶರಣು. ನಮ್ಮನ್ನು ಬರಿಮೈಯಲ್ಲಿ ಕಳಿಸಿದರೂ, ಹೊದಿಸುವ ಕೈಗಳನ್ನು ನಮಗಿಂತ ಮೊದಲೇ ಇಲ್ಲಿಗೆ ಕಳಿಸಿದ ಅವನ ಕರುಣೆಗೆ ಶರಣು. ಅವನನ್ನು ನೆನೆದು ಈ ಕಥೆ.

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಮುದ್ದುಸ್ವಾಮಿಗಳು ಅಲ್ಲಿಯ ಗುರುಗಳು. ವಯಸ್ಸಾಗಿತ್ತು; ನಗು ಮಾತ್ರ ಇನ್ನೂ ಮಗುವಿನದು.

ಅವರ ಶಿಷ್ಯ ಪ್ರಭುಲಿಂಗ. ಪೇಟೆಯ ಹೈಸ್ಕೂಲಿನಲ್ಲಿ ಮೇಷ್ಟ್ರು. ರಜೆ ಸಿಕ್ಕಿತೆಂದರೆ ಬಸ್ಸು ಹತ್ತಿ ಆಶ್ರಮಕ್ಕೆ ಬಂದುಬಿಡುತ್ತಿದ್ದ.

ಅವನಿಗೊಂದು ಹುಚ್ಚು. ಹಿಂದಿನವರು ಏನು ಉಡುತ್ತಿದ್ದರು, ಹೇಗೆ ಉಡುತ್ತಿದ್ದರು ಎಂದು ಹುಡುಕುವುದು. ಹುಡುಕಿದ್ದನ್ನು ಕೈಯಾರೆ ಹೊಲಿಯುವುದು. ಗುಡಿಗೆ ಹೋದರೆ ಗೋಡೆಯ ಶಿಲ್ಪದ ಮುಂದೆ ನಿಂತು, ಉತ್ತರೀಯ ಯಾವ ಹೆಗಲಿನಿಂದ ಇಳಿದಿದೆ ಎಂದು ನೋಡುತ್ತಾ ಮೈಮರೆಯುವನು. ಪೂಜಾರಿ ಮಂಗಳಾರತಿ ತಟ್ಟೆ ಹಿಡಿದು ಕೆಮ್ಮಬೇಕಾಗುತ್ತಿತ್ತು. ಚಾವಣಿಯಲ್ಲಿ ಮಾಸಿದ ಚಿತ್ರವಿದ್ದರೆ ನೆಲದ ಮೇಲೇ ಅಂಗಾತ ಮಲಗಿ, ಕುದುರೆ ಸವಾರನ ಅಂಗಿಗೆ ಗುಂಡಿಯಿತ್ತೋ ಕಟ್ಟುವ ಕಸೆಯಿತ್ತೋ ಎಂದು ಯೋಚಿಸುವನು. ಅವನ ಮನೆಯ ಬೀರುವಿನಲ್ಲಿ ಅವನು ತೊಡುವ ಷರ್ಟಿಗೆ ಜಾಗವಿರಲಿಲ್ಲ. ಯಾರೂ ತೊಡದ ನಿಲುವಂಗಿ, ಕಸೆಯಂಗಿ, ಯಾವುದೋ ಕಾಲದ ದಂಡನಾಯಕನ ಪೇಟ, ಇವೇ ತುಂಬಿದ್ದವು.

ಆಶ್ರಮದಲ್ಲಿ ಅಡುಗೆ ಮಾಡುವ ಚೆಲುವಮ್ಮ ಅವನಿಗೆ ಹಳೇಬಟ್ಟೆ ಮೇಷ್ಟ್ರು ಎಂದೇ ಹೆಸರಿಟ್ಟಿದ್ದಳು. ಬಂದ ಕೂಡಲೇ, ಈ ಸಲ ಯಾವ ಸತ್ತ ರಾಜನಿಗೆ ಅಂಗಿ ಹೊಲಿದಿರಿ ಎಂದು ವಿಚಾರಿಸುವಳು. ಅವನೂ ನಗುತ್ತಿದ್ದ.

ನಗುತ್ತಿದ್ದನೇ ಹೊರತು ಒಳಗೊಂದು ಮುಳ್ಳು ಆಡುತ್ತಿತ್ತು. ಒಮ್ಮೆ ಗುರುಗಳ ಮುಂದೆ ಬಾಯಿಬಿಟ್ಟ.

“ಬುದ್ಧಿ, ಎಲ್ಲರೂ ಕಣ್ಣು ಮುಚ್ಚಿ ಕೂತರೆ ಅವರಿಗೆ ದೇವರು ಕಾಣ್ತಾನೆ. ನನಗೆ ದೇವರ ಉಡುಗೆ ಕಾಣುತ್ತೆ. ಅಂಚು ಎಂಥದ್ದು, ನಿರಿಗೆ ಎಡಕ್ಕೋ ಬಲಕ್ಕೋ ಅಂತ ಮನಸ್ಸು ಓಡುತ್ತೆ. ಈ ಹುಚ್ಚು ಬಿಟ್ಟುಬಿಡಲಾ?”

ಗುರುಗಳು ಅವನ ಕಡೆ ತಿರುಗಿದರು.

“ಯಾವ ಕಡೆಗಿತ್ತು?”

“ಏನು ಬುದ್ಧಿ?”

“ನಿರಿಗೆ.”

ಗುರುಗಳು ಎದ್ದು ಹೂವಿನ ಗಿಡಗಳ ಕಡೆ ಹೋದರು.

ಆಶ್ರಮವನ್ನು ಕಟ್ಟಿದ ಮೂಲ ಗುರುಗಳು ಐಕ್ಯರಾಗಿ, ಅವರ ಸಮಾಧಿ ಗದ್ದುಗೆಯಾಗಿ ಎಷ್ಟೋ ತಲೆಮಾರು ಕಳೆದಿತ್ತು. ಊರಿನ ಬಾವಿಗಳು ಕೆಲವರಿಗೆ ಮುಚ್ಚಿದ್ದ ಆ ಕಾಲದಲ್ಲಿ ಅವರೇ ಹೊಳೆಯಿಂದ ನೀರು ಹೊತ್ತು ಅಂಥವರ ಮನೆಬಾಗಿಲಿಗೆ ಕೊಡುತ್ತಿದ್ದರಂತೆ. ಅದರ ನೆನಪಿಗೆ ಅಲ್ಲೊಂದು ಕಟ್ಟಳೆ ಉಳಿದಿದೆ. ಪೀಠದಲ್ಲಿರುವ ಗುರುಗಳು ದಿನಾ ಬೆಳಗ್ಗೆ ತಾವೇ ಒಂದು ದೊಡ್ಡ ತಾಮ್ರದ ಕೊಡದಲ್ಲಿ ನೀರು ತರಬೇಕು. ಸ್ವಲ್ಪ ಗದ್ದುಗೆಗೆ ಎರೆದು, ಮಿಕ್ಕಿದ್ದನ್ನು ಬಂದವರಿಗೆ ಕುಡಿಯಲು ಕೊಡಬೇಕು.

ವರ್ಷಕ್ಕೊಮ್ಮೆ, ಆರಾಧನೆಯ ದಿನ, ಮೂಲ ಗುರುಗಳ ಕಾವಿ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆಯುವರು. ಅಂದು ಅದನ್ನು ತೊಟ್ಟೇ ನೀರು ಹೊರುವುದು.

ಹೋದ ವರ್ಷ ಮಡಿಕೆ ಬಿಚ್ಚುವಾಗಲೇ ಆ ಅಂಗಿ ಬೆನ್ನಿನಲ್ಲಿ ಪುಡಿಪುಡಿಯಾಗಿ ಉದುರಿತು. ಇನ್ನು ಅದು ಮೈಮೇಲೆ ಏರುವ ಹಾಗಿರಲಿಲ್ಲ.

ಪ್ರಭುಲಿಂಗ ಗುರುಗಳ ಕಾಲಿಗೆ ಬಿದ್ದು, ಅದೇ ಥರದ ಹೊಸದೊಂದನ್ನು ತಾನು ಹೊಲಿದು ಕೊಡುವುದಾಗಿ ಬೇಡಿಕೊಂಡ. ಗುರುಗಳು ಪೆಟ್ಟಿಗೆಯ ಬೀಗದ ಕೈ ಕೊಟ್ಟರು.

ಅವನು ಮನಸ್ಸಿನಲ್ಲೇ ಒಂದು ಹರಕೆ ಕಟ್ಟಿಕೊಂಡ. ಈ ಅಂಗಿ ಗುರುಗಳ ಮೈಗೆ ಸರಿಯಾಗಿ ಕೂತರೆ, ತನ್ನ ಹುಚ್ಚನ್ನು ದೇವರು ಸೇವೆ ಎಂದು ಒಪ್ಪಿಕೊಂಡ ಹಾಗೆ. ಕೂರದಿದ್ದರೆ ಸೂಜಿ, ಕತ್ತರಿ ಎಲ್ಲವೂ ಹೊಳೆಗೆ. ಆಮೇಲೆ ಜಪ, ಜಪ ಮಾತ್ರ.

ಇದನ್ನು ಒಳಗೇ ಇಟ್ಟುಕೊಳ್ಳಲಾರದೆ ಚೆಲುವಮ್ಮನಿಗೆ ಹೇಳಿದ.

“ಹೊಳೆಗೆ ಹಾಕೋ ಬದಲು ಕತ್ತರಿ ನನಗೆ ಕೊಡಿ ಮೇಷ್ಟ್ರೇ,” ಎಂದಳು ಅವಳು. “ಹಾಲಿನ ಪ್ಯಾಕೆಟ್ ಕತ್ತರಿಸೋಕಾದರೂ ಆಗುತ್ತೆ.”

ಆ ವರ್ಷವೆಲ್ಲ ಅವನಿಗೆ ಅದೇ ಧ್ಯಾನ. ಹಳೆಯ ಅಂಗಿಯನ್ನು ಬಿಳಿ ಪಂಚೆಯ ಮೇಲೆ ಹರಡಿ, ಉಸಿರು ಬಿಗಿಹಿಡಿದು ಅಳತೆ ತೆಗೆದ. ಎಳೆ ಎಷ್ಟು ದಪ್ಪ, ಹೊಲಿಗೆ ಎಷ್ಟು ಒತ್ತು ಎಂದು ಭೂತಗನ್ನಡಿ ಹಿಡಿದು ನೋಡಿದ. ಕೈನೂಲಿನ ಬಟ್ಟೆಗಾಗಿ ನೇಕಾರರ ಊರುಗಳನ್ನು ಸುತ್ತಿದ. ಕಾವಿ ಮಣ್ಣು ಕಲಸಿ ಅದ್ದಿದ, ಒಣಗಿಸಿದ, ಬಣ್ಣ ಹೊಂದಲಿಲ್ಲವೆಂದು ಮತ್ತೆ ಅದ್ದಿದ. ಮಿಷಿನ್ನು ಮುಟ್ಟಲಿಲ್ಲ.

ಒಂದೇ ಒಂದು ಕಡೆ ಅವನ ಕಣ್ಣು ಎಡವಿತು.

ಅಂಗಿಯ ಎಡಬಲ ಒಂದೇ ಥರ ಇರಲಿಲ್ಲ. ಎಡಭುಜದ ಹೊಲಿಗೆ ಕೆಳಕ್ಕೆ ಇಳಿದಿತ್ತು. ಎಡತೋಳಿನ ಸುತ್ತು ಬಲದ್ದಕ್ಕಿಂತ ಅಗಲ. ಸಾಲದ್ದಕ್ಕೆ ಎಡಗಂಕುಳಲ್ಲಿ ಬೇರೆಯೇ ಬಟ್ಟೆಯ ಒಂದು ಮೂಲೆತುಂಡು ಕೂಡಿಸಿದ್ದರು.

ಅವನು ನೋಡಿದ್ದ ಅಷ್ಟು ಶಿಲ್ಪ, ಅಷ್ಟು ಚಿತ್ರಗಳಲ್ಲಿ ಎಲ್ಲೂ ಇಂಥದ್ದು ಇರಲಿಲ್ಲ. ಹೊಲಿದವರ ಕೈ ತಪ್ಪಿದೆ, ಆಮೇಲೆ ಹರಿದಾಗ ಯಾರೋ ತೇಪೆ ಹಾಕಿದ್ದಾರೆ ಎಂದು ತೀರ್ಮಾನಿಸಿದ. ಮಹಾತ್ಮರ ಅಂಗಿಯಲ್ಲಿ ಕುಂದು ಉಳಿಯಬಾರದು ಎಂದುಕೊಂಡು ಭಕ್ತಿಯಿಂದಲೇ ಅದನ್ನು ತಿದ್ದಿದ. ಬಲಗಡೆಯ ಅಳತೆಯನ್ನೇ ಎಡಕ್ಕೂ ಇಟ್ಟು ಕತ್ತರಿಸಿದ.

ತಿದ್ದಿದ್ದನ್ನು ಗುರುಗಳಿಗೂ ಹೇಳಿದ.

“ಹೌದಾ?” ಎಂದರು ಅವರು. “ಜೀವಮಾನವೆಲ್ಲ ತೊಟ್ಟರು. ಅವರಿಗೇ ಗೊತ್ತಾಗಲಿಲ್ಲ ನೋಡು.”

ಪ್ರಭುಲಿಂಗ ಹೌದೆಂದು ತಲೆಯಾಡಿಸಿದ.

ಗುರುಗಳದ್ದೂ ತನ್ನದೂ ಒಂದೇ ಮೈಕಟ್ಟು ಎಂದು ಅಂಗಿಯನ್ನು ತಾನೇ ಒಮ್ಮೆ ತೊಟ್ಟು ಕನ್ನಡಿಯಲ್ಲಿ ನೋಡಿದ. ಎಲ್ಲೂ ಒಂದು ಸುಕ್ಕಿರಲಿಲ್ಲ.

ಆರಾಧನೆಯ ದಿನ ಬಂತು. ಬೆಳಗಿನ ಎಳೆಬಿಸಿಲಲ್ಲಿ ಗುರುಗಳು ಹೊಸ ಅಂಗಿ ತೊಟ್ಟು ಹೊರಗೆ ಬಂದರು. ನೆರೆದವರೆಲ್ಲ ಕೈಮುಗಿದರು. ಮೂಲ ಗುರುಗಳೇ ಎದ್ದು ಬಂದ ಹಾಗಿದೆ ಎಂದು ಯಾರೋ ಅಂದರು. ಪ್ರಭುಲಿಂಗನ ಕಣ್ಣು ತುಂಬಿತು. ಎಡಗಡೆ ಒಂದು ಸುಕ್ಕು ಕಂಡಿತು. ಹತ್ತಿರ ಹೋಗಿ ಮೆಲ್ಲಗೆ ಎಳೆದು ಸರಿಮಾಡಿದ. ಅದು ಮತ್ತೆ ಸುಕ್ಕಾಯಿತು.

ಗುರುಗಳು ಹೊಳೆಗಿಳಿದು ಕೊಡ ತುಂಬಿಸಿದರು. ಎತ್ತಿ ಎಡಭುಜದ ಮೇಲಿಟ್ಟು, ಬೀಳದ ಹಾಗೆ ಎಡಗೈ ಮೇಲೆತ್ತಿ ಹಿಡಿದರು.

ಚರ್ರೆಂದು ಸದ್ದಾಯಿತು.

ಅಂಗಿ ಕಂಕುಳಿಂದ ಪಕ್ಕೆಯವರೆಗೆ ಹರಿದಿತ್ತು. ಕೊರಳಪಟ್ಟಿ ಗಂಟಲಿಗೆ ಒತ್ತಿತ್ತು. ಕೊಡ ವಾಲಿ ಅರ್ಧ ನೀರು ಅವರ ಮೈಮೇಲೆ ಚೆಲ್ಲಿತು. ಗುರುಗಳು ನಿಲ್ಲಲಿಲ್ಲ. ಹರಿದ ಬಟ್ಟೆ ಪಟಪಟ ಆಡುತ್ತಿದ್ದಂತೆಯೇ ನಡೆದು ಹೋಗಿ, ಉಳಿದ ನೀರನ್ನು ಗದ್ದುಗೆಗೆ ಎರೆದರು.



ಪ್ರಭುಲಿಂಗ ಹೊಲಿಗೆಯ ಚೀಲ ತೆಗೆದುಕೊಂಡು ಹೊಳೆಯ ಮೆಟ್ಟಿಲಿಗೆ ಬಂದ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ನೀರು ಅದರ ಪಾಡಿಗೆ ಅದು ಹೋಗುತ್ತಿತ್ತು. ಎಸೆಯಬೇಕು, ಕೈ ಏಳುತ್ತಿರಲಿಲ್ಲ.

ಹಿಂದೆ ಹೆಜ್ಜೆ ಸಪ್ಪಳ. ಗುರುಗಳು ಬಂದು ಅವನಿಗಿಂತ ಒಂದು ಮೆಟ್ಟಿಲು ಕೆಳಗೆ, ಬೆನ್ನು ತಿರುಗಿಸಿ ಕೂತರು. ಅಂಗಿ ಇನ್ನೂ ಒದ್ದೆ.

“ಹೊಲಿ.”

“ಬಿಚ್ಚಿ ಕೊಡಿ ಬುದ್ಧಿ.”

“ಬಿಚ್ಚಿಟ್ಟ ಅಂಗಿ ಒಂದು ವರ್ಷ ನೋಡಿದೀಯಲ್ಲ. ಹೀಗೇ ಹೊಲಿ.”

“ಮೈಮೇಲಿರೋ ಬಟ್ಟೆ ಹೊಲೀಬಾರದು ಬುದ್ಧಿ. ಅಪಶಕುನ ಅಂತಾರೆ.”

“ಯಾರಿಗೆ? ನನಗಾ, ಬಟ್ಟೆಗಾ?”

ಅವನು ಸೂಜಿಗೆ ದಾರ ಪೋಣಿಸಿದ. ಬಟ್ಟೆ ಸರಿಮಾಡಲೆಂದು ಗುರುಗಳ ಎಡಭುಜದ ಮೇಲೆ ಕೈಯಿಟ್ಟ.

ಕೈ ಅಲ್ಲೇ ನಿಂತಿತು.

ಆ ಭುಜ ಬಲಭುಜಕ್ಕಿಂತ ತಗ್ಗಿತ್ತು. ಕತ್ತಿನ ಬುಡದಲ್ಲಿ ಎತ್ತಿನ ಹೆಗಲಿನ ಹಾಗೆ ಚರ್ಮ ಜಡ್ಡುಗಟ್ಟಿತ್ತು. ಪಕ್ಕೆಯ ಸ್ನಾಯು ಕಂಕುಳ ಕೆಳಗೆ ಗಂಟುಗಂಟಾಗಿ ಉಬ್ಬಿತ್ತು.

“ನನ್ನ ಗುರುಗಳಿಗೂ ಹೀಗೇ ಇತ್ತು,” ಎಂದರು ಮುದ್ದುಸ್ವಾಮಿಗಳು, ಹೊಳೆಯ ಕಡೆ ನೋಡುತ್ತಾ. “ಅವರ ಗುರುಗಳಿಗೂ ಇತ್ತಂತೆ.”

ಹಳೆಯ ಅಂಗಿಯ ಇಳಿದ ಹೊಲಿಗೆ, ಅಗಲದ ತೋಳು, ಆ ಮೂಲೆತುಂಡು, ಎಲ್ಲವೂ ಈಗ ಅವನ ಅಂಗೈ ಕೆಳಗೆ ಬೆಚ್ಚಗೆ ಉಸಿರಾಡುತ್ತಿದ್ದವು. ಯಾರ ಕೈಯೂ ತಪ್ಪಿರಲಿಲ್ಲ. ಯಾರೋ ಒಬ್ಬರು, ಹೆಸರು ಉಳಿಯದವರು, ಆ ಮಹಾತ್ಮರ ಮೈಯನ್ನು ಅಕ್ಕರೆಯಿಂದ ನೋಡಿ ಕತ್ತರಿ ಹಿಡಿದಿದ್ದರು.

“ನೀವು ಕೊಡ ಹೊರೋದನ್ನ ಎಷ್ಟು ಸಲ ನೋಡಿದೀನಿ ಬುದ್ಧಿ.”

“ಆಗೆಲ್ಲ ಏನು ನೋಡ್ತಿದ್ದೆ?”

ಅವನು ತಲೆ ತಗ್ಗಿಸಿದ. “ನಿಮ್ಮ ಪಂಚೆ ಕಚ್ಚೆಯನ್ನ.”

ಗುರುಗಳಿಗೆ ನಗು ತಡೆಯಲಾಗಲಿಲ್ಲ. ಭುಜ ಕುಲುಕಿತು; ಅದು ನಿಲ್ಲುವವರೆಗೆ ಅವನು ಸೂಜಿ ದೂರ ಹಿಡಿದು ಕಾದ. ಕಾಯುತ್ತಾ ಅವನಿಗೂ ನಗು ಬಂತು, ನಗುವಿನ ಜೊತೆ ಕಣ್ಣೀರೂ ಬಂತು.

ಹರಿದ ಅಂಚುಗಳು ಕೂಡುತ್ತಿರಲಿಲ್ಲ. ನಡುವೆ ಒಂದು ತುಂಡು ಬೇಕಿತ್ತು. ಪ್ರಭುಲಿಂಗ ಅತ್ತಿತ್ತ ನೋಡಿ, ತನ್ನ ಹೆಗಲ ಮೇಲಿದ್ದ ಬಿಳಿ ಟವಲ್ಲಿನ ಒಂದು ಮೂಲೆ ಕತ್ತರಿಸಿದ. ಕಾವಿಯ ನಡುವೆ ಬಿಳಿ ಎದ್ದು ಕಾಣುತ್ತದೆ ಎಂಬ ಯೋಚನೆ ಅವನಿಗೆ ಬರಲೇ ಇಲ್ಲ. ಹಳೆಯ ಅಂಗಿಯ ಆ ತುಂಡು ಯಾರ ಹೆಗಲಿನಿಂದ ಬಂದಿತ್ತೋ ಎಂದಷ್ಟೇ ಅಂದುಕೊಂಡ.

ಗುರುಗಳು ಕೈ ಮೇಲೆತ್ತಿಕೊಂಡೇ ಕೂತಿದ್ದರು. ಕೈ ಸೋತಾಗ ಅವನು ಹೊಲಿಗೆ ನಿಲ್ಲಿಸಿ ಆ ಕೈಯನ್ನು ತನ್ನ ಮೊಣಕಾಲ ಮೇಲೆ ಇಳಿಸಿಕೊಂಡ. ಆಮೇಲೆ ಮತ್ತೆ ಹೊಲಿದ. ಅಷ್ಟು ಹೊತ್ತೂ ಅವನ ಮನಸ್ಸು ಎಲ್ಲಿಗೂ ಓಡಲಿಲ್ಲ.

ಕೊನೆಯ ಗಂಟು ಹಾಕಿ ದಾರ ಕಡಿದ. ಆಗ ಹರಕೆ ನೆನಪಾಯಿತು. ಮುಚ್ಚಿಡುವ ಮನಸ್ಸಾಗಲಿಲ್ಲ.

“ಬುದ್ಧಿ, ಅಂಗಿ ನಿಮ್ಮ ಮೈಗೆ ಕೂರದಿದ್ದರೆ ಹೊಲಿಗೆ ಬಿಡ್ತೀನಿ ಅಂತ ದೇವರ ಮುಂದೆ ಹೇಳಿದ್ದೆ. ಕೂರಲಿಲ್ಲ. ಈಗ ನಾನೇನು ಮಾಡಲಿ?”

ಗುರುಗಳು ಎದ್ದು ನಿಂತರು. ಎಡಗೈಯನ್ನು ಆಕಾಶಕ್ಕೆ ಚಾಚಿದರು. ಅಂಗಿ ಎಲ್ಲೂ ಹಿಡಿಯಲಿಲ್ಲ. ಕಂಕುಳ ಹೊಲಿಗೆಯ ಒಳಮಗ್ಗುಲನ್ನು ಹೆಬ್ಬೆರಳಿನಿಂದ ತಡವಿ ನೋಡಿದರು. ಆಮೇಲೆ ಅವನ ತಲೆಯ ಮೇಲೆ ಕೈಯಿಟ್ಟರು.

“ಮುಂದಿನ ಅಂಗಿಗೆ, ಬೇಕಾದಾಗ ಬಿಚ್ಚಿ ಅಗಲ ಮಾಡೋ ಹಾಗೆ, ಒಳಗೆ ಸ್ವಲ್ಪ ಬಟ್ಟೆ ಬಿಟ್ಟು ಹೊಲಿ, ಮಗೂ. ನನ್ನ ನಂತರ ಬರೋರ ಭುಜ ಇನ್ನೂ ನೆಟ್ಟಗಿದೆ.”

ಕೇಳಿದ ನಿಮ್ಮೆಲ್ಲರ ಮೈ ಬೆಚ್ಚಗಿರಲಿ. ಹೊರೆ ಹೊತ್ತ ನಿಮ್ಮ ಭುಜವನ್ನು ದೇವರು ತನ್ನ ಕೈಯಿಂದ ತಡವಲಿ. ಎಲ್ಲರಿಗೂ ಒಳ್ಳೆಯದಾಗಲಿ.